ಮನಸ್ಸು–ದೇಹದ ಪ್ರಶ್ನೆ ಓದುವವರಿಗೆ ಸ್ಟ್ಯಾನ್‌ಫರ್ಡ್ ವಿಶ್ವಕೋಶ: ಎಲ್ಲಿಂದ ಶುರು ಮಾಡಬೇಕು?

ಮನಸ್ಸಿಗೂ ದೇಹಕ್ಕೂ ಏನು ಸಂಬಂಧ ಎಂಬುದನ್ನು ಗಂಭೀರವಾಗಿ ಓದಬೇಕೆನ್ನುವವರಿಗೆ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವುದರಲ್ಲಿ ಸ್ಟ್ಯಾನ್‌ಫರ್ಡ್ ಎನ್‌ಸೈಕ್ಲೋಪೀಡಿಯಾ ಆಫ್ ಫಿಲಾಸಫಿಗೆ, ಅಂದರೆ ಎಸ್‌ಇಪಿಗೆ, ಸಾಟಿಯಿಲ್ಲ. ಎಡ್ವರ್ಡ್ ಝಾಲ್ಟಾ ಅವರ ಸಂಪಾದಕತ್ವದಲ್ಲಿ 1995ರಲ್ಲಿ ಶುರುವಾದ ಇದರಲ್ಲಿ ಈಗ 1,700ಕ್ಕೂ ಹೆಚ್ಚು ಲೇಖನಗಳಿವೆ. ಆಯಾ ವಿಷಯದಲ್ಲಿ ಕೆಲಸ ಮಾಡಿದವರನ್ನೇ ಕರೆದು ಬರೆಸುತ್ತಾರೆ, ವಿಷಯ ಸಂಪಾದಕರು ಪರಿಶೀಲಿಸುತ್ತಾರೆ, ಬರೆದವರೇ ಕಾಲಕಾಲಕ್ಕೆ ತಿದ್ದಿ ಹೊಸದು ಮಾಡುತ್ತಾರೆ. ಲಾಗಿನ್ ಬೇಡ, ಜಾಹೀರಾತಿನ ಕಾಟವಿಲ್ಲ. ತೊಂದರೆ ಇರುವುದು ಒಳಗೆ ಹೋಗುವ ದಾರಿಯಲ್ಲಿ.

ಹೆಚ್ಚಿನವರು ಮಾಡುವುದೇನೆಂದರೆ, ಹುಡುಕುವ ಜಾಗದಲ್ಲಿ ‘ಡ್ಯುಯಲಿಸಂ’ (ಮನಸ್ಸು, ದೇಹ ಬೇರೆ ಬೇರೆ ಎನ್ನುವ ದ್ವೈತ) ಎಂದು ಹಾಕಿ, ಹೋವರ್ಡ್ ರಾಬಿನ್ಸನ್ ಅವರ ಲೇಖನ ತೆರೆದು, ಮೊದಲ ಸಾಲಿನಿಂದ ಓದುತ್ತಾ ಹೋಗುತ್ತಾರೆ. ಪ್ಲೇಟೊ, ಅರಿಸ್ಟಾಟಲ್ ದಾಟುವಷ್ಟರಲ್ಲಿ ಸುಸ್ತು. ವಾದಗಳ ಹೆಸರು ತಲೆಯಲ್ಲಿ ಉಳಿಯುತ್ತದೆ, ಯಾವ ಕಷ್ಟ ಪರಿಹರಿಸಲು ಆ ವಾದ ಹುಟ್ಟಿತು ಎಂಬುದು ಉಳಿಯುವುದಿಲ್ಲ. ಆದ್ದರಿಂದ ಮೊದಲು ಒಂದು ಹಾಳೆಯಲ್ಲಿ ಈ ನಾಲ್ಕು ವಾಕ್ಯ ಬರೆದುಕೊಳ್ಳಿ. ಒಂದು, ದೇಹ ಭೌತಿಕ ವಸ್ತು. ಎರಡು, ಮನಸ್ಸು ಭೌತಿಕ ವಸ್ತುವಲ್ಲ. ಮೂರು, ಮನಸ್ಸೂ ದೇಹವೂ ಒಂದರ ಮೇಲೊಂದು ಪರಿಣಾಮ ಬೀರುತ್ತವೆ. ನಾಲ್ಕು, ಭೌತಿಕವಾದದ್ದೂ ಅಲ್ಲದ್ದೂ ಒಂದರ ಮೇಲೊಂದು ಪರಿಣಾಮ ಬೀರಲಾರವು. ಕೀತ್ ಕ್ಯಾಂಬೆಲ್ 1970ರಲ್ಲಿ ಕೊಟ್ಟ ಚೌಕಟ್ಟು ಇದು. ಯಾವ ಮೂರನ್ನು ಬೇಕಾದರೂ ಒಪ್ಪಬಹುದು, ನಾಲ್ಕನ್ನೂ ಒಟ್ಟಿಗೆ ಒಪ್ಪಲು ಬರುವುದಿಲ್ಲ. ಮುಂದೆ ಎದುರಾಗುವ ಪ್ರತಿ ವಾದದ ಮುಂದೆಯೂ ಅದು ಯಾವ ವಾಕ್ಯವನ್ನು ಅಳಿಸುತ್ತದೆ ಎಂದು ಬರೆಯುತ್ತಾ ಹೋಗಿ. ತತ್ವಜ್ಞಾನಿಗಳಲ್ಲಿ ಬರ್ಕ್ಲಿ ಒಂದನೆಯದನ್ನು ಅಳಿಸುತ್ತಾನೆ, ಲೈಬ್ನಿಟ್ಸ್ ಮೂರನೆಯದನ್ನು, ಮನಸ್ಸು ದೇಹ ಎರಡು ಬೇರೆ ವಸ್ತುಗಳೆಂದ ಡೆಕಾರ್ಟ್ ನಾಲ್ಕನೆಯದನ್ನು. ಹಕ್ಸ್‌ಲಿ ಮೂರನೆಯದರಲ್ಲಿ ಅರ್ಧ ಮಾತ್ರ ಉಳಿಸಿಕೊಳ್ಳುತ್ತಾನೆ: ದೇಹದಿಂದ ಮನಸ್ಸಿಗೆ ಪರಿಣಾಮ ಉಂಟು, ಮನಸ್ಸಿನಿಂದ ದೇಹಕ್ಕೆ ಇಲ್ಲ.

ಹಾಳೆ ಸಿದ್ಧವಾದ ಮೇಲೆ ಮೊದಲು ತೆರೆಯಬೇಕಾದದ್ದು ಲೀಸಾ ಶಪಿರೊ ಬರೆದ ‘ಎಲಿಸಬೆತ್, ಪ್ರಿನ್ಸೆಸ್ ಆಫ್ ಬೊಹೀಮಿಯಾ’. 1643ರ ಮೇ ತಿಂಗಳಲ್ಲಿ, ಹೇಗ್‌ನಲ್ಲಿ ದೇಶಭ್ರಷ್ಟ ಕುಟುಂಬದೊಂದಿಗಿದ್ದ 24ರ ಎಲಿಸಬೆತ್ ಡೆಕಾರ್ಟ್‌ಗೆ ಪತ್ರ ಬರೆದು ನೇರವಾಗಿ ಕೇಳುತ್ತಾಳೆ: ಆತ್ಮವೆಂದರೆ ಬರೀ ಯೋಚಿಸುವ ತತ್ವವಾದರೆ ಅದು ದೇಹವನ್ನು ಅಲುಗಿಸುವುದು ಹೇಗೆ? ಒಂದು ವಸ್ತು ಚಲಿಸಬೇಕಾದರೆ ಇನ್ನೊಂದು ಅದನ್ನು ತಳ್ಳಬೇಕು, ತಳ್ಳಲು ತಾಗಬೇಕು, ತಾಗಲು ಅದಕ್ಕೆ ವಿಸ್ತಾರವಿರಬೇಕು. ಆತ್ಮಕ್ಕೆ ವಿಸ್ತಾರವಿಲ್ಲ ಎಂದು ಹೇಳಿದವನು ನೀನೇ ಅಲ್ಲವೇ? ಕಲ್ಲನ್ನು ಕೆಳಗಿಳಿಸುವ ಭಾರ ಕಲ್ಲನ್ನು ತಾಗಿ ತಳ್ಳುತ್ತದೆಂದು ಯಾರೂ ಭಾವಿಸುವುದಿಲ್ಲ, ಇದೂ ಹಾಗೆಯೇ ಎಂಬುದು ಡೆಕಾರ್ಟ್‌ನ ಉತ್ತರ. ಆಕೆಗೆ ಅದು ಸಾಕಾಗಲಿಲ್ಲ. ದೇಹವನ್ನು ಅಲುಗಿಸುವ ಶಕ್ತಿ ವಿಸ್ತಾರವೇ ಇಲ್ಲದ ವಸ್ತುವಿಗೆ ಇದೆ ಎನ್ನುವುದಕ್ಕಿಂತ ಆತ್ಮಕ್ಕೇ ವಿಸ್ತಾರ ಉಂಟೆಂದು ಒಪ್ಪುವುದು ತನಗೆ ಸುಲಭ ಎಂದು ಜೂನ್‌ನಲ್ಲಿ ಬರೆದಳು. ಅಲ್ಲಿಂದ ಇಲ್ಲಿಯವರೆಗಿನ ಚರ್ಚೆಯ ಬೀಜ ಆ ಪತ್ರಗಳಲ್ಲೇ ಇದೆ. ಬಹಳಷ್ಟು ಪಠ್ಯಪುಸ್ತಕಗಳು ಆಕೆಗೆ ಒಂದು ಸಾಲು ಕೊಟ್ಟು ಮುಂದೆ ಹೋಗುತ್ತವೆ. ಇಲ್ಲಿ ಆಕೆಯನ್ನು ಸ್ವತಂತ್ರ ಚಿಂತಕಿಯಾಗಿ ಓದಿದ್ದಾರೆ, ಅದು ಈ ವಿಶ್ವಕೋಶದ ದೊಡ್ಡ ಗುಣ.

ಎರಡನೆಯದು ಗೆರ್ಟ್-ಯಾನ್ ಲೋಖಾರ್ಸ್ಟ್ ಅವರ ‘ಡೆಕಾರ್ಟ್ ಅಂಡ್ ದಿ ಪೀನಿಯಲ್ ಗ್ಲ್ಯಾಂಡ್’. ಇಡೀ ಸಂಗ್ರಹದಲ್ಲಿ ನಮ್ಮ ಮೆಚ್ಚಿನ ಲೇಖನ. ಆತ್ಮವೂ ದೇಹವೂ ಸಂಧಿಸುವ ಜಾಗವಾಗಿ ಡೆಕಾರ್ಟ್ ಮಿದುಳಿನಲ್ಲಿರುವ ಪುಟ್ಟ ಪೀನಿಯಲ್ ಗ್ರಂಥಿಯನ್ನೇ ಏಕೆ ಆರಿಸಿದ ಎಂಬುದನ್ನು ಹೆಜ್ಜೆಹೆಜ್ಜೆಯಾಗಿ ಬಿಡಿಸಿಡುತ್ತದೆ. ಕಣ್ಣು ಎರಡು, ಕಿವಿ ಎರಡು, ಮಿದುಳಿನ ಭಾಗಗಳೂ ಜೋಡಿಜೋಡಿ. ಆದರೆ ಕಾಣುವ ನೋಟ ಒಂದೇ. ಹಾಗಾದರೆ ಎರಡು ಚಿತ್ರಗಳು ಆತ್ಮವನ್ನು ತಲುಪುವ ಮುನ್ನ ಎಲ್ಲೋ ಒಂದಾಗಬೇಕು, ಜೋಡಿಯಿಲ್ಲದೆ ಒಂಟಿಯಾಗಿ ಕಂಡದ್ದು ಈ ಗ್ರಂಥಿ. ವಾದದಲ್ಲಿ ತರ್ಕವಿದೆ, ಅಂಗರಚನೆ ತಪ್ಪು. ಗ್ರಂಥಿ ಮಿದುಳಿನ ಕುಹರಗಳ ನಡುವೆ ತೂಗುತ್ತಾ, ರಕ್ತದಿಂದ ಸೋಸಿ ಬಂದ ಸೂಕ್ಷ್ಮ ಕಣಗಳನ್ನು ಅತ್ತಿತ್ತ ಹರಿಸುತ್ತದೆ ಎಂದು ಆತ ನಂಬಿದ್ದ. ಅದು ಕುಹರದ ಒಳಗಿಲ್ಲ, ಹಾಗೆ ಹೊರಳಾಡುವುದೂ ಇಲ್ಲ. ಮೆಲಟೋನಿನ್ ಸ್ರವಿಸುವುದು ಅದರ ಕೆಲಸವೆಂದು ಗೊತ್ತಾದದ್ದು 20ನೇ ಶತಮಾನದಲ್ಲಿ. ಒಂದು ಮಾತು ಗಮನಿಸಿ: ಗ್ರಂಥಿಯ ಜಾಗ ಸರಿಯಿದ್ದಿದ್ದರೂ ಎಲಿಸಬೆತ್ ಪ್ರಶ್ನೆಗೆ ಉತ್ತರ ಸಿಗುತ್ತಿರಲಿಲ್ಲ. ಎಲ್ಲಿ ಎನ್ನುವುದು ಒಂದು ಪ್ರಶ್ನೆ, ಹೇಗೆ ಎನ್ನುವುದು ಬೇರೆ ಪ್ರಶ್ನೆ. ಪರೀಕ್ಷೆಯ ಉತ್ತರಗಳಲ್ಲಿ ಇವೆರಡೂ ಕಲಸಿಹೋಗುವುದು ತೀರಾ ಸಾಮಾನ್ಯ.

ಈಗ ರಾಬಿನ್ಸನ್ ಅವರ ಲೇಖನಕ್ಕೆ ಬನ್ನಿ, ಆದರೆ ಮೂರನೇ ವಿಭಾಗದಿಂದ. ಮನಸ್ಸು ದೇಹಗಳ ಪರಸ್ಪರ ಪರಿಣಾಮ ಕುರಿತ ಬೇರೆ ಬೇರೆ ನಿಲುವುಗಳು ಅಲ್ಲಿವೆ. ಅದಾದ ಮೇಲೆ ಎರಡನೇ ವಿಭಾಗ ಓದಿ. ಮನಸ್ಸು ಬೇರೆಯೇ ಒಂದು ವಸ್ತು ಎನ್ನುವುದಕ್ಕೂ, ಒಂದೇ ವಸ್ತುವಿಗೆ ಎರಡು ಬಗೆಯ ಗುಣಗಳಿವೆ ಎನ್ನುವುದಕ್ಕೂ ಇರುವ ವ್ಯತ್ಯಾಸ ಅಲ್ಲಿ ಸ್ಪಷ್ಟವಾಗುತ್ತದೆ. ಈ ಗೆರೆ ತಪ್ಪಿದರೆ 1990ರ ದಶಕದ ಡೇವಿಡ್ ಚಾಮರ್ಸ್ ಕೂಡ ಡೆಕಾರ್ಟ್‌ನಂತೆ ಆತ್ಮವನ್ನು ಒಪ್ಪುತ್ತಾನೆಂದು ಬರೆದುಬಿಡುತ್ತೀರಿ. ಆತ ಹೇಳುವುದು ಗುಣಗಳ ಭೇದವನ್ನು. ರಾಬಿನ್ಸನ್ ಸ್ವತಃ ದ್ವೈತದ ಪರ ವಾದಿಸುವವರು ಎಂಬುದೂ ನೆನಪಿರಲಿ.

ಅದರ ಎದುರು ಪಕ್ಷಕ್ಕೆ ಜೆ. ಜೆ. ಸಿ. ಸ್ಮಾರ್ಟ್ 2000ದಲ್ಲಿ ಎಸ್‌ಇಪಿಗೆ ಬರೆದುಕೊಟ್ಟ ಲೇಖನವಿದೆ. ಮನಸ್ಸಿನ ಸ್ಥಿತಿಯೆಂದರೆ ಮಿದುಳಿನ ಸ್ಥಿತಿಯೇ ಎಂಬ ವಾದವನ್ನು 1959ರಲ್ಲಿ ಮಂಡಿಸಿದವರೇ ಅವರು. ವಾದ ಕಟ್ಟಿದವರ ಕೈಯಲ್ಲೇ ಅದರ ಪರಿಚಯ ಸಿಗುವುದು ಅಪರೂಪ. ಅವರು ಆಕ್ಷೇಪಣೆಗಳನ್ನು ತಮ್ಮ ಕಡೆಯಿಂದ ನೋಡುವುದರಿಂದ ಜೊತೆಗೆ ಜಾನ್ ಬಿಕಲ್ ಅವರ ‘ಮಲ್ಟಿಪಲ್ ರಿಯಲೈಸಬಿಲಿಟಿ’ ಓದಲೇಬೇಕು. ಮನುಷ್ಯನಿಗೂ ಆಕ್ಟೋಪಸ್‌ಗೂ ನೋವಾಗುತ್ತದೆ, ಇಬ್ಬರ ನರವ್ಯೂಹವೂ ಒಂದೇ ತೆರನಲ್ಲ, ಹಾಗಿರುವಾಗ ನೋವು ಎನ್ನುವುದು ಒಂದೇ ಬಗೆಯ ಮಿದುಳಿನ ಸ್ಥಿತಿ ಹೇಗಾದೀತು? ಹಿಲರಿ ಪಟ್ನಮ್ 1960ರ ದಶಕದಲ್ಲಿ ಎತ್ತಿದ ಈ ಪ್ರಶ್ನೆಯಿಂದ, ಮನಸ್ಸಿನ ಸ್ಥಿತಿಯನ್ನು ಅದು ಮಾಡುವ ಕೆಲಸದಿಂದಲೇ ಗುರುತಿಸುವ ‘ಫಂಕ್ಷನಲಿಸಂ’ಗೆ ಬಲ ಬಂತು. ಆ ಹೆಸರಿನ ಜಾನೆಟ್ ಲೆವಿನ್ ಲೇಖನ ಓದುವಾಗ ಆತುರ ಬೇಡ. ಫಂಕ್ಷನಲಿಸಂ ಎಂದೊಡನೆ, ಇರುವುದೆಲ್ಲ ಭೌತಿಕವೇ ಎನ್ನುವ ಭೌತವಾದದ ಖಾನೆಗೆ ಹಾಕುವುದು ತಪ್ಪು. ಮನಸ್ಸಿನ ಕೆಲಸವೇನೆಂದು ಅದು ಹೇಳುತ್ತದೆ, ಆ ಕೆಲಸ ಮಾಡುವುದು ಭೌತಿಕವೇ ಆಗಿರಬೇಕೆಂದು ಅದರಷ್ಟಕ್ಕೆ ಹೇಳುವುದಿಲ್ಲ.

‘ಝಾಂಬೀಸ್’ ಮತ್ತು ‘ನಾಲೆಜ್ ಆರ್ಗ್ಯುಮೆಂಟ್’ ಕಡೆಗಿರಲಿ. ಹೆಸರು ಆಕರ್ಷಕವೆಂದು ಅಲ್ಲಿಂದಲೇ ಶುರು ಮಾಡುವವರಿದ್ದಾರೆ. ಭೌತವಾದ ಏನು ಹೇಳುತ್ತದೆಂದು ಗೊತ್ತಿಲ್ಲದೆ ಅದನ್ನು ಕೆಡವುವ ವಾದ ಓದಿದರೆ ಏನೂ ದಕ್ಕುವುದಿಲ್ಲ. ‘ಸೂಪರ್‌ವೀನಿಯನ್ಸ್’ ಲೇಖನದಲ್ಲಿ ತರ್ಕದ ಚಿಹ್ನೆಗಳು ದಟ್ಟವಾಗಿವೆ, ಮೊದಲ ಓದಿಗೆ ಬೇಡ.

ಉಲ್ಲೇಖಿಸುವವರಿಗೆ ಒಂದು ಎಚ್ಚರಿಕೆ. ಲೇಖನ ಪರಿಷ್ಕೃತವಾದಾಗ ಅದೇ ವಿಳಾಸದಲ್ಲಿ ಪಠ್ಯ ಬದಲಾಗುತ್ತದೆ, ನೀವು ಎತ್ತಿಕೊಂಡ ವಾಕ್ಯ ಅಲ್ಲಿ ಇಲ್ಲದೆ ಹೋಗಬಹುದು. ವರ್ಷಕ್ಕೆ ನಾಲ್ಕು ಬಾರಿ ಇಡೀ ವಿಶ್ವಕೋಶದ ಪ್ರತಿಯನ್ನು ಸಂಗ್ರಹದಲ್ಲಿ ಇಡುತ್ತಾರೆ. ಲೇಖನದ ಪಕ್ಕದಲ್ಲಿರುವ ‘ಆಥರ್ ಅಂಡ್ ಸೈಟೇಶನ್ ಇನ್ಫೊ’ ಒತ್ತಿದರೆ ಆ ಸ್ಥಿರ ಪ್ರತಿಯ ವಿಳಾಸವೇ ಸಿಗುತ್ತದೆ, ಅದನ್ನೇ ಕೊಡಿ.

ದೊಡ್ಡ ಕೊರತೆಯೆಂದರೆ ‘ಡ್ಯುಯಲಿಸಂ’ ಲೇಖನದ ಇತಿಹಾಸ ಪೂರ್ತಿ ಪಾಶ್ಚಾತ್ಯ ಪರಂಪರೆಯೊಳಗೇ ಮುಗಿದುಹೋಗುವುದು. ಯುಪಿಎಸ್‌ಸಿ ತತ್ವಶಾಸ್ತ್ರ ಪತ್ರಿಕೆಯಲ್ಲಿ ಡೆಕಾರ್ಟ್‌ನ ಮನಸ್ಸು–ದೇಹ ದ್ವೈತವೂ ಸಾಂಖ್ಯದ ಪುರುಷ–ಪ್ರಕೃತಿಯೂ ಇರುವುದರಿಂದ ನಮ್ಮ ಓದುಗರಿಗೆ ಇದು ಬಾಧಿಸುತ್ತದೆ. ಸಾಂಖ್ಯದ ಗೆರೆ ಬೇರೆ ಕಡೆ ಬೀಳುತ್ತದೆ: ಬುದ್ಧಿ, ಅಹಂಕಾರ, ಮನಸ್ಸು ಮೂರೂ ಪ್ರಕೃತಿಯ ಕಡೆಗಿವೆ, ಆಚೆಗೆ ಪುರುಷ ಬರೀ ಸಾಕ್ಷಿ. ಮಧ್ವರ ಪಂಚಭೇದವೂ ಡೆಕಾರ್ಟ್‌ನದ್ದಲ್ಲ, ಜೀವ–ಜಡ ಭೇದ ಅಲ್ಲಿ ಐದರಲ್ಲಿ ಒಂದು. ಸಾಂಖ್ಯಕ್ಕೆ ಇಂಟರ್ನೆಟ್ ಎನ್‌ಸೈಕ್ಲೋಪೀಡಿಯಾ ಆಫ್ ಫಿಲಾಸಫಿಯ ಲೇಖನ ನೋಡಿ, ಜೊತೆಗೆ ಸಾಂಖ್ಯಕಾರಿಕೆಯ 21ನೇ ಕಾರಿಕೆ. ಕ್ರಿಯೆಯಿಲ್ಲದ ಪುರುಷನೂ ಅರಿವಿಲ್ಲದ ಪ್ರಕೃತಿಯೂ ಕೂಡುವುದು ಹೇಗೆಂಬುದಕ್ಕೆ ಅಲ್ಲಿ ಕುಂಟ–ಕುರುಡರ ದೃಷ್ಟಾಂತವಿದೆ. ಹಾಳೆಯ ಮೂರು ಮತ್ತು ನಾಲ್ಕನೇ ವಾಕ್ಯಗಳನ್ನು ಪುರುಷ–ಪ್ರಕೃತಿಗೆ ಹೊಂದುವಂತೆ ಬದಲಿಸಿ ಬರೆದುಕೊಂಡು, ಈ ದೃಷ್ಟಾಂತ ಅವುಗಳಲ್ಲಿ ಯಾವುದನ್ನು ಅಳಿಸುತ್ತದೆ ಎಂದು ನೋಡಿ.