ಮ್ಯಾಕ್ರೊ ಎರರ್ ಹಿಡಿಯಲು ಕಂಪೈಲರ್ ಎಕ್ಸ್‌ಪ್ಲೋರರ್: 5ಕ್ಕೆ 4.5

ವಿಂಡೋಸ್‌ನಲ್ಲಿ ಚೆನ್ನಾಗಿ ಬಿಲ್ಡ್ ಆಗುತ್ತಿದ್ದ ಸಿ ಕೋಡ್ ಲಿನಕ್ಸ್‌ಗೆ ತಂದ ಕೂಡಲೇ ಎರರ್ ಕಾರಲು ಶುರು ಮಾಡುತ್ತದೆ. ಅದು ತೋರಿಸುವ ಸಾಲನ್ನು ಎಷ್ಟು ದಿಟ್ಟಿಸಿದರೂ ತಪ್ಪೇನೂ ಕಾಣಲ್ಲ. ಕಾಣುವುದಾದರೂ ಹೇಗೆ? ಕಂಪೈಲ್ ಆಗುವ ಮುಂಚೆ ಓಡುವ ಪ್ರಿಪ್ರೊಸೆಸರ್, ಮ್ಯಾಕ್ರೊಗಳನ್ನೆಲ್ಲ (ಕೋಡ್ ತುಣುಕಿಗೆ ಇಟ್ಟ ಅಡ್ಡಹೆಸರುಗಳು) ಬಿಡಿಸಿ ಕೊಟ್ಟ ಮೇಲೆ ಉಳಿಯುವ ಸಾಲನ್ನು ಕಂಪೈಲರ್ ಓದುತ್ತದೆ, ನಾವು ಅದನ್ನು ನೋಡಿಯೇ ಇರುವುದಿಲ್ಲ. ಆ ಸಾಲನ್ನು ಕಣ್ಣೆದುರು ತರುವುದಕ್ಕೆ ನಾನು ಬಳಸುವುದು ಕಂಪೈಲರ್ ಎಕ್ಸ್‌ಪ್ಲೋರರ್ ಅನ್ನುವ ವೆಬ್‌ಸೈಟ್. ಮ್ಯಾಟ್ ಗಾಡ್‌ಬೋಲ್ಟ್ 2012ರಲ್ಲಿ ಶುರು ಮಾಡಿದ್ದು, ಹಾಗಾಗಿ ಎಲ್ಲರ ಬಾಯಲ್ಲೂ ಅದು ಗಾಡ್‌ಬೋಲ್ಟ್. ದುಡ್ಡು ಬೇಡ, ಲಾಗಿನ್ ಬೇಡ, ಬ್ರೌಸರ್ ಇದ್ದರೆ ಸಾಕು.

ಒಂದು ಕಡೆ ಕೋಡ್ ಅಂಟಿಸಿ, ಇನ್ನೊಂದು ಕಡೆ ಜಿಸಿಸಿ, ಕ್ಲ್ಯಾಂಗ್, ಎಂಎಸ್‌ವಿಸಿ (ಮೈಕ್ರೋಸಾಫ್ಟ್‌ನದ್ದು) ಮೂರೂ ಕಂಪೈಲರ್‌ಗಳನ್ನು ಪಕ್ಕಪಕ್ಕ ತೆರೆದಿಡಿ. ಮೊದಲು ಭಾಷೆಯನ್ನು ಸಿ ಅಂತ ಬದಲಿಸಿಕೊಳ್ಳಿ, ಇಲ್ಲದಿದ್ದರೆ ಸಿ++ ಅಂತಲೇ ಓದುತ್ತದೆ.

ತುಂಬಾ ಕಡೆ ಸಿಗುವ ಲಾಗ್ ಮ್ಯಾಕ್ರೊ ತಗೊಳ್ಳಿ. ಮೊದಲು ಫಾರ್ಮ್ಯಾಟ್, ಆಮೇಲೆ ಮೂರು ಚುಕ್ಕಿ. ಒಳಗೆ ಪ್ರಿಂಟ್‌ಎಫ್‌ಗೆ ಫಾರ್ಮ್ಯಾಟ್, ಕಾಮಾ, ವಿಎ ಆರ್ಗ್ಸ್ (__VA_ARGS__, ಅಂದರೆ ಮೂರು ಚುಕ್ಕಿಯ ಜಾಗಕ್ಕೆ ಬಂದ ಆರ್ಗ್ಯುಮೆಂಟ್‌ಗಳು). ಇದಕ್ಕೆ ಬರೀ ಒಂದು ಸ್ಟ್ರಿಂಗ್ ಕೊಟ್ಟು ಕರೆದರೆ ಎಂಎಸ್‌ವಿಸಿ ಕೊನೆಯ ಕಾಮಾವನ್ನು ಸುಮ್ನೆ ನುಂಗಿಬಿಡುತ್ತದೆ, ಜಿಸಿಸಿ ನುಂಗುವುದಿಲ್ಲ. ಜಿಸಿಸಿ ಕಿಟಕಿಯಲ್ಲಿ ಆ್ಯಡ್ ನ್ಯೂ ಒತ್ತಿ ಪ್ರಿಪ್ರೊಸೆಸರ್ ಆರಿಸಿದರೆ ಪ್ರಿಂಟ್‌ಎಫ್("ಶುರು", ) ಅಂತ ಎದುರಿಗೇ ಕಾಣುತ್ತದೆ. ಬ್ರಾಕೆಟ್‌ಗೆ ಮುಂಚೆ ಎಕ್ಸ್‌ಪ್ರೆಶನ್ ಬೇಕಿತ್ತು ಅನ್ನುವ ಎರರ್ ಯಾಕೆ ಬಂತು ಅಂತ ಆಮೇಲೆ ಯಾರೂ ಹೇಳಬೇಕಿಲ್ಲ. ಕಾಮಾ ಆದಮೇಲೆ ## ಹಾಕಿದರೆ ಜಿಸಿಸಿ, ಕ್ಲ್ಯಾಂಗ್ ಒಪ್ಪುತ್ತವೆ, ಸಿ ಭಾಷೆಯ ಸಿ23 ಸ್ಟ್ಯಾಂಡರ್ಡ್‌ನಲ್ಲಿ ಇದಕ್ಕೆಂದೇ ವಿಎ ಆಪ್ಟ್ (__VA_OPT__) ಬಂದಿದೆ. ನನಗೆ ಹಿಡಿಸುವುದು ಮಾತ್ರ ಫಾರ್ಮ್ಯಾಟನ್ನೂ ಮೂರು ಚುಕ್ಕಿಯೊಳಗೇ ಸೇರಿಸಿಬಿಡುವುದು. ಸಿ99 ಗೊತ್ತಿರುವ ಕಂಪೈಲರ್‌ಗಳಿಗೆಲ್ಲ ಅಷ್ಟು ಸಾಕು.

ಉಲ್ಟಾ ದಿಕ್ಕಿನ ತೊಂದರೆ ಇನ್ನೂ ಕೆಟ್ಟದ್ದು, ಯಾಕೆಂದರೆ ಅಲ್ಲಿ ಎರರ್ ಬರದೆಯೂ ಇರಬಹುದು. ವಿಎ ಆರ್ಗ್ಸ್ ಅನ್ನು ಒಳಗಿನ ಇನ್ನೊಂದು ಮ್ಯಾಕ್ರೊಗೆ ದಾಟಿಸಿದಾಗ ಎಂಎಸ್‌ವಿಸಿಯ ಹಳೆಯ ಪ್ರಿಪ್ರೊಸೆಸರ್ ಎಲ್ಲವನ್ನೂ ಒಂದೇ ಆರ್ಗ್ಯುಮೆಂಟ್ ಅಂತ ಹಿಡಿಯುತ್ತದೆ. ಆರ್ಗ್ಯುಮೆಂಟ್ ಎಣಿಸುವ ಮ್ಯಾಕ್ರೊ ಬರೆದು ಅದರ ಉತ್ತರವನ್ನೇ ರಿಟರ್ನ್ ಮಾಡಿಸಿ ನೋಡಿ. ಮೂರು ಕೊಟ್ಟಿದ್ದರೆ ಕಂಪೈಲರ್ ಹೊರಡಿಸುವ ಅಸೆಂಬ್ಲಿಯಲ್ಲಿ ಜಿಸಿಸಿ ಕಡೆ 3, ಎಂಎಸ್‌ವಿಸಿ ಕಡೆ 1! ವಿಷುಯಲ್ ಸ್ಟುಡಿಯೋ 2019ರ 16.5ರಿಂದ ಝಡ್‌ಸಿ ಪ್ರಿಪ್ರೊಸೆಸರ್ (/Zc:preprocessor) ಅನ್ನುವ ಆಪ್ಶನ್ ಇದೆ, ಅದನ್ನು ಎಂಎಸ್‌ವಿಸಿ ಕಿಟಕಿಯ ಮೇಲಿನ ಬಾಕ್ಸ್‌ನಲ್ಲಿ ಟೈಪ್ ಮಾಡಿದರೆ ಆ 1 ಅಲ್ಲೇ 3 ಆಗುತ್ತದೆ. ಇಷ್ಟು ಬೇಗ ಪಕ್ಕಾ ಮಾಡಿಕೊಳ್ಳಲು ನನಗೆ ಬೇರೆಲ್ಲೂ ಆಗಿಲ್ಲ.

ಲಿನಕ್ಸ್ ಅಂತ ಸಣ್ಣಕ್ಷರದಲ್ಲಿ ವೇರಿಯಬಲ್‌ಗೆ ಹೆಸರಿಟ್ಟರೆ ಲಿನಕ್ಸ್‌ನ ಜಿಸಿಸಿ ಅದನ್ನು 1 ಅಂತ ಬದಲಿಸುತ್ತದೆ, ಗೊತ್ತಾ? ಜಿಸಿಸಿಯ ಡಿಫಾಲ್ಟ್ ಆದ ಗ್ನೂ ಮೋಡ್‌ನಲ್ಲಿ ಅದು ಮೊದಲೇ ಇರುವ ಮ್ಯಾಕ್ರೊ. ಸ್ಟ್ಯಾಂಡರ್ಡ್ ಸಿ11 (-std=c11) ಅಂತ ಕೊಟ್ಟರೆ ಆ ಕಾಟ ಇಲ್ಲ.

ಅರ್ಧ ಅಂಕ ಯಾಕೆ ಕಮ್ಮಿ ಅಂದರೆ, ನೂರಾರು ಹೆಡರ್ ಇರುವ ದೊಡ್ಡ ಪ್ರಾಜೆಕ್ಟನ್ನು ಇಲ್ಲಿ ತಂದು ನೋಡುವುದು ಸುಲಭ ಅಲ್ಲ. ವಿಂಡೋಸ್ ಡಾಟ್ ಎಚ್ ಹೆಡರ್ ಒಳಗಿನ ಮಿನ್, ಮ್ಯಾಕ್ಸ್ ಮ್ಯಾಕ್ರೊಗಳು ನಿಮ್ಮ ಹೆಸರುಗಳ ಮೇಲೆ ಬಿದ್ದಿದ್ದರೆ ನಿಮ್ಮ ಮೆಶಿನ್‌ನಲ್ಲೇ ಎಂಎಸ್‌ವಿಸಿಗೆ ಸ್ಲ್ಯಾಶ್ ಪಿ ಕೊಟ್ಟು, ಬರುವ ಡಾಟ್ ಐ ಫೈಲನ್ನು ಕೆಳಗಿನಿಂದ ಹುಡುಕಿ. ನಿಮ್ಮ ಕೋಡ್ ಕೊನೆಯಲ್ಲಿರುತ್ತದೆ, ಮೇಲೆಲ್ಲ ಹೆಡರ್‌ಗಳದ್ದೇ ರಾಶಿ. ನೋಮಿನ್‌ಮ್ಯಾಕ್ಸ್ ಡಿಫೈನ್ ಮಾಡಿದರೆ ಆ ಜಗಳ ಮುಗಿಯುತ್ತದೆ, ಆದರೆ ಇನ್‌ಕ್ಲೂಡ್‌ಗಿಂತ ಮೊದಲೇ ಮಾಡಬೇಕು. ಆ್ಯಪಲ್ ಎಸ್‌ಡಿಕೆ ಹೆಡರ್‌ಗಳ ತೊಂದರೆಯನ್ನೂ ಮ್ಯಾಕ್‌ನಲ್ಲೇ ನೋಡಿ. ಅಲ್ಲಿ ಎಕ್ಸ್‌ಕೋಡ್ ಜೊತೆ ಬರುವ ಜಿಸಿಸಿ ಅನ್ನುವ ಕಮಾಂಡ್ ಓಡಿಸುವುದು ಕ್ಲ್ಯಾಂಗನ್ನೇ.

ಇನ್ನೊಂದು, ಅಂಟಿಸಿದ ಕೋಡ್ ಅವರ ಸರ್ವರ್‌ಗೆ ಹೋಗುತ್ತದೆ. ಕಂಪನಿ ಕೋಡ್ ಹಾಕಲೇಬೇಡಿ. ತೊಂದರೆ ಕೊಡುವ ಮ್ಯಾಕ್ರೊ ಒಂದನ್ನೇ ಹತ್ತು ಸಾಲಿಗೆ ಇಳಿಸಿ, ಹೆಸರು ಬದಲಿಸಿ ಹಾಕಿ. ಅದೂ ಆಗದಿದ್ದರೆ ಇದು ಓಪನ್ ಸೋರ್ಸ್, ನಿಮ್ಮದೇ ಸರ್ವರ್‌ನಲ್ಲಿ ನಡೆಸಬಹುದು. ಹಾಗೆ ಇಳಿಸಿದ ಹತ್ತು ಸಾಲಿನ ಶೇರ್ ಲಿಂಕ್ ತೆಗೆದುಕೊಂಡರೆ ಕೋಡ್, ಕಂಪೈಲರ್ ವರ್ಶನ್, ಆಪ್ಶನ್‌ಗಳು ಎಲ್ಲ ಅದರಲ್ಲೇ ಇರುತ್ತವೆ. ಯಾರನ್ನಾದರೂ ಸಹಾಯ ಕೇಳುವಾಗ ಸ್ಕ್ರೀನ್‌ಶಾಟ್ ಬದಲು ಅದನ್ನೇ ಕಳಿಸಿ.