ಕೇಬಲ್ ಸ್ಪೀಡೋಮೀಟರಿಗೆ ರೇಶಿಯೋ ಬಾಕ್ಸ್: ಯಾವ ಕಾಯಿಲೆಗೆ ಮದ್ದು, ಯಾವುದಕ್ಕಲ್ಲ

ದೊಡ್ಡ ಟಯರ್ ಹಾಕಿಸಿದ ಹಳೇ ಫೋರ್-ವೀಲ್ ಗಾಡಿಯ ಸ್ಪೀಡೋಮೀಟರ್ ಸುಳ್ಳು ಹೇಳತೊಡಗಿದರೆ ಎಲ್ಲರೂ ತೋರಿಸುವ ದಾರಿ ಈ ರೇಶಿಯೋ ಬಾಕ್ಸ್. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಲೋಹದ ಡಬ್ಬಿ. ಟ್ರಾನ್ಸ್‌ಫರ್ ಕೇಸಿನಿಂದ (ಇಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಬರುವ ಸುತ್ತು ಒಂದು ಬಾಯಿಂದ ಒಳಗೆ ಹೋಗುತ್ತದೆ, ಒಳಗಿನ ಪುಟ್ಟ ಗೇರುಗಳು ಅದನ್ನು ಹೆಚ್ಚಿಸುತ್ತವೆ ಅಥವಾ ಕಡಿಮೆ ಮಾಡುತ್ತವೆ, ಇನ್ನೊಂದು ಬಾಯಿಂದ ಅದು ಮೀಟರಿನ ಕೇಬಲ್ಲಿಗೆ ಸೇರುತ್ತದೆ. ಕರೆಂಟಿಲ್ಲ, ವೈರಿಲ್ಲ. ಸಾಮಾನು ಒಳ್ಳೆಯದೇ. ಅದಕ್ಕೆ ಕೆಟ್ಟ ಹೆಸರು ಬರುವುದು ಹೆಚ್ಚಾಗಿ ಅದಕ್ಕೆ ಸಂಬಂಧಪಡದ ಕಾಯಿಲೆಗೆ ಅದನ್ನು ಹಾಕಿದಾಗ.

ಮೀಟರಿನೊಳಗೆ ಒಂದೇ ಕೇಬಲ್ ಎರಡು ಕೆಲಸ ಮಾಡುತ್ತದೆ. ಕಿಲೋಮೀಟರ್ ಎಣಿಸುವ ಓಡೋಮೀಟರ್ ಗೇರುಗಳ ಮೂಲಕ ನೇರವಾಗಿ ಕೇಬಲ್ಲಿಗೆ ಕಚ್ಚಿಕೊಂಡಿದೆ. ಮುಳ್ಳು ಹಾಗಲ್ಲ. ಕೇಬಲ್ ಒಂದು ಆಯಸ್ಕಾಂತವನ್ನು ತಿರುಗಿಸುತ್ತದೆ, ಅದನ್ನು ಮುಟ್ಟದೆ ಸುತ್ತುವರಿದಿರುವ ಅಲ್ಯೂಮಿನಿಯಂ ಬಟ್ಟಲು ಅದರ ಸೆಳೆತಕ್ಕೆ ಹೊರಳುತ್ತದೆ, ಕೂದಲೆಳೆಯಂಥ ಸುರುಳಿ ಸ್ಪ್ರಿಂಗ್ ಅದನ್ನು ಹಿಂದಕ್ಕೆಳೆಯುತ್ತದೆ. ಎರಡರ ಜಗ್ಗಾಟ ಎಲ್ಲಿ ಸಮನಾಗುತ್ತದೋ ಅಲ್ಲಿ ಮುಳ್ಳು ನಿಲ್ಲುತ್ತದೆ. ಆಯಸ್ಕಾಂತ ಹಳತಾಗಿ ಸೋತರೆ ಮುಳ್ಳು ಕೆಳಗೆ ತೋರಿಸುತ್ತದೆ, ಓಡೋಮೀಟರ್ ಮಾತ್ರ ಸರಿಯಾಗಿಯೇ ಎಣಿಸುತ್ತಿರುತ್ತದೆ. ಅಂಥ ಮೀಟರಿಗೆ ರೇಶಿಯೋ ಬಾಕ್ಸ್ ಹಾಕಿದರೆ ಮುಳ್ಳು ಸರಿಯಾದಂತೆ ಕಂಡರೂ ಸರಿಯಿದ್ದ ಓಡೋಮೀಟರ್ ಕೆಡುತ್ತದೆ.

ಹಾಗಾಗಿ ಕೊಳ್ಳುವ ಮೊದಲು ಎರಡನ್ನೂ ಬೇರೆ ಬೇರೆಯಾಗಿ ಅಳೆಯಿರಿ. ಮೊಬೈಲಿನ ಜಿಪಿಎಸ್ ಸಾಕು. ಸಮತಟ್ಟಾದ ನೇರ ರಸ್ತೆಯಲ್ಲಿ ಮೀಟರಿನ 40, 60, 80ರಲ್ಲಿ ತಲಾ ಹತ್ತು ಸೆಕೆಂಡ್ ವೇಗ ಕದಲಿಸದೆ ಹಿಡಿಯಿರಿ, ಪಕ್ಕದಲ್ಲಿ ಕೂತವರು ಜಿಪಿಎಸ್ ಅಂಕಿ ಬರೆದುಕೊಳ್ಳಲಿ. ಆಮೇಲೆ ಜಿಪಿಎಸ್ ಲೆಕ್ಕದ 10 ಕಿಲೋಮೀಟರಿಗೆ ಓಡೋಮೀಟರ್ ಎಷ್ಟು ಏರಿತು ನೋಡಿ. ಟಯರಿನ ಗಾಳಿ ಮೊದಲೇ ಸರಿ ಮಾಡಿಕೊಂಡಿರಬೇಕು. ಮರಳಿಗೆಂದು ಇಳಿಸಿದ ಗಾಳಿಯಲ್ಲೇ ಅಳೆಯುವುದು ವ್ಯರ್ಥ.

ಓಡೋಮೀಟರ್ 10ಕ್ಕೆ 9.3 ತೋರಿಸಿ, ಮುಳ್ಳೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಹಿಂದಿದ್ದರೆ ಅದು ಅನುಪಾತದ ತಪ್ಪು. ಬಾಕ್ಸ್ ಇರುವುದೇ ಇದಕ್ಕೆ. ಓಡೋಮೀಟರ್ ಸರಿಯಿದ್ದು ಮುಳ್ಳು ಮಾತ್ರ ತಪ್ಪಿದ್ದರೆ ಮೀಟರನ್ನೇ ಬಿಚ್ಚಿ ಕ್ಯಾಲಿಬ್ರೇಟ್ ಮಾಡಿಸಬೇಕು. ಎಲ್ಲ ವೇಗದಲ್ಲೂ ಮುಳ್ಳು ಒಂದೇ ಅಂತರದಲ್ಲಿ, ಉದಾಹರಣೆಗೆ 8 ಕಿಲೋಮೀಟರ್, ಹಿಂದೆಯೋ ಮುಂದೆಯೋ ಇದ್ದರೆ ಮುಳ್ಳು ತನ್ನ ಕಡ್ಡಿಯ ಮೇಲೆ ಜರುಗಿದೆ. ಮುಳ್ಳು ಕುಣಿಯುತ್ತಿದ್ದರೆ ಮೊದಲು ಕೇಬಲ್ ನೋಡಿ.

ಓಡೋಮೀಟರ್ 7 ಶೇಕಡ ಕಡಿಮೆ, ಮುಳ್ಳು ಬರೀ 2 ಶೇಕಡ ಕಡಿಮೆ ತೋರಿಸುವುದೂ ಉಂಟು. ಅದು ಕೆಟ್ಟ ಮೀಟರೇನೂ ಅಲ್ಲ. ಬಹಳಷ್ಟು ಮೀಟರುಗಳ ಮುಳ್ಳನ್ನು ಕಾರ್ಖಾನೆಯಲ್ಲೇ ತುಸು ಮುಂದೆ ಇಟ್ಟಿರುತ್ತಾರೆ. ವಿಶ್ವಸಂಸ್ಥೆಯ ವಾಹನ ನಿಯಮಾವಳಿಯ 39ನೇ ನಿಯಮದ ಪ್ರಕಾರ ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವ ಹಾಗೇ ಇಲ್ಲ. ಹೆಚ್ಚು ತೋರಿಸುವುದಕ್ಕೆ ನಿಜವಾದ ವೇಗದ ಹತ್ತನೇ ಒಂದು ಭಾಗ, ಅದರ ಮೇಲೆ 4 ಕಿಲೋಮೀಟರ್ ತನಕ ಅವಕಾಶವಿದೆ. ನಿಜವಾಗಿ 80ರಲ್ಲಿ ಹೋಗುವಾಗ ಮುಳ್ಳು 92 ತೋರಿಸಿದರೂ ಆ ಲೆಕ್ಕದಲ್ಲಿ ಪಾಸ್. ಆದ್ದರಿಂದ ಬಾಕ್ಸಿನ ಅನುಪಾತವನ್ನು ಓಡೋಮೀಟರ್ ನೋಡಿ ನಿರ್ಧರಿಸಿ, ಮುಳ್ಳು ನೋಡಿ ಅಲ್ಲ. ಬಾಕ್ಸ್ ಕೂತ ಮೇಲೆ ಮುಳ್ಳು ಮೂರ್ನಾಲ್ಕು ಕಿಲೋಮೀಟರ್ ಮುಂದಿದ್ದರೆ ಅದನ್ನು ಸರಿ ಮಾಡಲು ಹೋಗಬೇಡಿ.

ಅನುಪಾತ ತೆಗೆಯಲು ಟಯರಿನ ಅಳತೆಯಿಂದಲೇ ಶುರು ಮಾಡಬಹುದು. 235/75 ಆರ್ 15 ಟಯರಿನ ವ್ಯಾಸ: 235ರ 75 ಶೇಕಡ 176.25, ಅದರ ಎರಡರಷ್ಟು 352.5, ರಿಮ್ಮಿನ 381 ಸೇರಿ 733.5 ಮಿಲಿಮೀಟರ್. ಅದರ ಜಾಗಕ್ಕೆ 31 ಇಂಚಿನದು ಬಂದರೆ 787. ಭಾಗಿಸಿದರೆ 1.073. ಮೀಟರ್ 60 ಅಂದಾಗ ಗಾಡಿ 64ರಲ್ಲಿದೆ, 10,000 ಕಿಲೋಮೀಟರಿಗೆಂದು ಆಯಿಲ್ ಬದಲಿಸುವವರು 10,730ಕ್ಕೆ ಬದಲಿಸುತ್ತಿದ್ದಾರೆ. ಡಿಫರೆನ್ಷಿಯಲ್ (ಸುತ್ತನ್ನು ಎಡ, ಬಲ ಚಕ್ರಗಳಿಗೆ ಹಂಚುವ ಭಾಗ) ಗೇರನ್ನೂ ಬದಲಿಸಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅದೇ ಗಾಡಿಗೆ 3.73 ಅನುಪಾತದ ಗೇರ್ ಇದ್ದ ಕಡೆ 4.10ರದ್ದು ಬಂದಿದ್ದರೆ ಮೀಟರ್ ಇನ್ನೊಂದು ದಿಕ್ಕಿಗೆ 9.9 ಶೇಕಡ ಜಗ್ಗುತ್ತದೆ. ಎರಡೂ ಸೇರಿ ಮೀಟರ್ ಸುಮಾರು 2.4 ಶೇಕಡ ಹೆಚ್ಚು ತೋರಿಸುತ್ತದೆ ಅಷ್ಟೇ. ಅಂಥ ಗಾಡಿಗೆ ಬಾಕ್ಸೇ ಬೇಡ.

ಆದರೆ ಹಳೇ ಗಾಡಿಯಲ್ಲಿ ಯಾರು ಯಾವ ಕಾಲದಲ್ಲಿ ಯಾವ ಗೇರ್ ಹಾಕಿದ್ದಾರೋ, ಯಾವ ಮಾದರಿಯ ಮೀಟರ್ ತಂದು ಕೂರಿಸಿದ್ದಾರೋ ಹೇಳಲಾಗದು. ನಂಬಬಹುದಾದ್ದು ಸುತ್ತು ಎಣಿಸುವ ಪದ್ಧತಿ. ಮೀಟರಿನ ಹಿಂದಿನಿಂದ ಕೇಬಲ್ ಕಳಚಿ, ಒಳಗಿನ ತಂತಿಯ ತುದಿಗೆ ಬಾವುಟದ ಹಾಗೆ ಒಂದು ತುಂಡು ಕಾಗದ ಅಂಟಿಸಿ. ಸಮತಟ್ಟಾದ ನೆಲದಲ್ಲಿ ಸೀಮೆಸುಣ್ಣದಿಂದ 20 ಮೀಟರ್ ಗುರುತು ಹಾಕಿ, ಗಾಡಿಯನ್ನು ನ್ಯೂಟ್ರಲ್ಲಿನಲ್ಲಿ ನೇರವಾಗಿ ತಳ್ಳಿ, ಬಾವುಟ ಎಷ್ಟು ಸುತ್ತು ಹಾಕಿತು ಎಣಿಸಿ. ಕೊನೆಯ ಅರೆ-ಕಾಲು ಸುತ್ತನ್ನೂ ಬಿಡಬೇಡಿ. 11 ಸುತ್ತು ಮುಗಿದು 12ನೆಯದು ಪೂರ್ತಿಯಾಗಲು ಅರೆಕಾಲು ಬಾಕಿ ಇದ್ದರೆ 11.875. ಅದನ್ನು 50ರಿಂದ ಗುಣಿಸಿದರೆ ಕಿಲೋಮೀಟರಿಗೆ 594 ಸುತ್ತು. ಒಂದೇ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ ಎಣಿಸಬೇಡಿ. ಡಿಫರೆನ್ಷಿಯಲ್ ಆ ಲೆಕ್ಕವನ್ನು ಅರ್ಧ ಮಾಡಿಬಿಡುತ್ತದೆ.

ಇನ್ನು ಮೀಟರಿಗೆ ಎಷ್ಟು ಸುತ್ತು ಬೇಕು ಎಂಬುದು. ಹಳೇ ಜಪಾನಿ ಮೀಟರುಗಳಲ್ಲಿ ಸಾಮಾನ್ಯ ಲೆಕ್ಕ ಕಿಲೋಮೀಟರಿಗೆ 637. ಅಮೆರಿಕನ್ ಮೀಟರುಗಳಲ್ಲಿ ಸಾಮಾನ್ಯವಾಗಿ ಮೈಲಿಗೆ 1000. ಸ್ಮಿತ್ಸ್ ಮೀಟರಿನ ಮುಖದ ಮೇಲೆಯೇ ಚಿಕ್ಕ ಅಂಕಿಯಲ್ಲಿ ಇದು ಅಚ್ಚಾಗಿರುತ್ತದೆ. ವಿಡಿಒ ಮೀಟರಿನಲ್ಲಿ 'ಡಬ್ಲ್ಯೂ' ಅಕ್ಷರದ ಮುಂದೆ ನೋಡಿ, ಅಲ್ಲಿ 1.0 ಅಂದರೆ ಕಿಲೋಮೀಟರಿಗೆ 1000 ಸುತ್ತು. ನಮ್ಮ ಉದಾಹರಣೆಯಲ್ಲಿ 637ನ್ನು 594ರಿಂದ ಭಾಗಿಸಿದರೆ 1.072; ಟಯರಿನ ಲೆಕ್ಕವೂ ಅದನ್ನೇ ಹೇಳಿತ್ತು. 15 ಮತ್ತು 14 ಹಲ್ಲಿನ ಜೋಡಿ 1.071 ಕೊಡುತ್ತದೆ, ಧಾರಾಳವಾಯಿತು. ಎರಡನೇ ದಶಮಾಂಶ ದಾಟಿ ತಲೆ ಕೆಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಮಡ್ ಟಯರಿನ ಗುಂಡಿ (ಟ್ರೆಡ್) 10 ಮಿಲಿಮೀಟರ್ ಸವೆದರೆ ವ್ಯಾಸ 20 ಮಿಲಿಮೀಟರ್ ಇಳಿಯುತ್ತದೆ, ಅಲ್ಲೇ ಎರಡೂವರೆ ಶೇಕಡ ಹೋಯಿತು.

ಆರ್ಡರ್ ಕೊಡುವ ಮೊದಲು ಒಂದು ಮಾತು: ಟ್ರಾನ್ಸ್‌ಫರ್ ಕೇಸಿನಲ್ಲಿರುವ ಪ್ಲಾಸ್ಟಿಕ್ ಸ್ಪೀಡೋ ಗೇರನ್ನೇ ಬದಲಿಸಲು ಸಾಧ್ಯವಿದ್ದರೆ ಅದೇ ಉತ್ತಮ. ಹೊಸ ಕೀಲು ಸೇರುವುದಿಲ್ಲ, ಕೆಡಲು ಹೊಸ ಜಾಗವೂ ಹುಟ್ಟುವುದಿಲ್ಲ. ಈಗಿರುವುದು 34 ಹಲ್ಲಿನದಾದರೆ 34ನ್ನು 1.073ರಿಂದ ಭಾಗಿಸಿ, 31.7 ಬರುತ್ತದೆ. 32 ಹಾಕಿದರೆ ಇನ್ನೂ 1 ಶೇಕಡ ಕಡಿಮೆ ತೋರಿಸುತ್ತದೆ, 31 ಹಾಕಿದರೆ 2 ಶೇಕಡದಷ್ಟು ಹೆಚ್ಚು. ಕಡಿಮೆ ತೋರಿಸುವುದಕ್ಕಿಂತ ಹೆಚ್ಚು ತೋರಿಸುವುದು ವಾಸಿ, 31 ಆರಿಸಿ. ಜೀಪಿನ ಹಲವು ಟ್ರಾನ್ಸ್‌ಫರ್ ಕೇಸುಗಳಲ್ಲಿ ಎಡವುವುದು ಇಲ್ಲೇ. ಈ ಗೇರನ್ನು ಹಿಡಿದಿರುವ ಗೂಡಿನ ತೂತು ನಡುವಿನಲ್ಲಿಲ್ಲ, ಒಂದು ಬದಿಗೆ ಸರಿದಿದೆ. ಗೂಡಿನ ಮೇಲೆ 26–31, 32–38, 39–45 ಎಂಬ ಗುರುತುಗಳಿವೆ. ಹಾಕಿದ ಗೇರಿನ ಹಲ್ಲಿಗೆ ಹೊಂದುವ ಗುರುತು ಕೆಳಗೆ, ಗಡಿಯಾರದ 6ರ ಜಾಗಕ್ಕೆ, ಬರುವಂತೆ ಗೂಡನ್ನು ತಿರುಗಿಸಿ ಕೂರಿಸಬೇಕು. 34 ತೆಗೆದು 31 ಹಾಕಿದಾಗ ಗುಂಪೇ ಬದಲಾಯಿತು. ಹಳೇ ಸ್ಥಾನದಲ್ಲೇ ಬೋಲ್ಟ್ ಬಿಗಿದರೆ ಚಿಕ್ಕ ಗೇರ್ ಸರಿಯಾಗಿ ಕಚ್ಚದೆ ಜಾರಿ ಹಲ್ಲು ಉದುರಿಸಿಕೊಳ್ಳುತ್ತದೆ. ಬಿಚ್ಚಿದಾಗ ಒಂದಿಷ್ಟು ಆಯಿಲ್ ಸೋರುತ್ತದೆ, ಕೆಳಗೆ ತಟ್ಟೆ ಇರಲಿ. ಓ-ರಿಂಗ್ ಮತ್ತು ಒಳಗಿನ ಸಣ್ಣ ಸೀಲನ್ನೂ ಆಗಲೇ ಬದಲಿಸಿ.

ಬೇಕಾದ ಹಲ್ಲಿನ ಗೇರ್ ಸಿಗದಿದ್ದರೆ, ಅಥವಾ ತಪ್ಪು 20 ಶೇಕಡ ದಾಟಿ ಯಾವ ಗೇರೂ ಅಲ್ಲಿಗೆ ಮುಟ್ಟದಿದ್ದರೆ, ಆಗ ಬಾಕ್ಸಿಗೆ ಸಾಟಿಯಿಲ್ಲ. ಆರ್ಡರಿನಲ್ಲಿ ಬರೀ "1.07" ಎಂದು ಬರೆದು ಬಿಡಬೇಡಿ, ಕೆಲವರು ಒಳಗಿನಿಂದ ಹೊರಗೆ, ಕೆಲವರು ಹೊರಗಿನಿಂದ ಒಳಗೆ ಲೆಕ್ಕ ಹಾಕುತ್ತಾರೆ. "ಒಳಗೆ 1000 ಸುತ್ತು ಹೋದರೆ ಹೊರಗೆ 1070 ಬರಬೇಕು" ಎಂದೇ ಬರೆಯಿರಿ. ತಿರುಗುವ ದಿಕ್ಕನ್ನೂ ಹೇಳಿ. ಒಂದೇ ಜೋಡಿ ಗೇರಿನ ಬಾಕ್ಸ್ ದಿಕ್ಕನ್ನು ತಿರುವುಮುರುವು ಮಾಡುತ್ತದೆ. ತಪ್ಪಾದದ್ದು ಬಂದರೆ ತಿಳಿಯುವುದು ಸುಲಭ: ಮುಳ್ಳು ಸೊನ್ನೆಗೆ ಒತ್ತಿಕೊಂಡು ಕೂತಿರುತ್ತದೆ, ಓಡೋಮೀಟರ್ ಹಿಂದಕ್ಕೆ ಓಡುತ್ತದೆ. ಎರಡೂ ಕಡೆಯ ಮರೆಯನ್ನು (ನಟ್ಟಿನ ಥ್ರೆಡ್) ಅಳೆದು ತಿಳಿಸಿ: ಅಮೆರಿಕನ್ ಗಾಡಿಗಳಲ್ಲಿ ಹೆಚ್ಚಾಗಿ ಮುಕ್ಕಾಲು ಇಂಚಿಗಿಂತ ತುಸು ದಪ್ಪದ 7/8-18, ಬೇರೆ ಕಡೆ ಎಂ18×1.5 ಅಥವಾ ಎಂ22×1.5. ಕೇಬಲ್ ತುದಿಯ ಚೌಕದ ಅಗಲವನ್ನೂ ವರ್ನಿಯರಿನಲ್ಲಿ ನೋಡಿ, 2.6 ಮತ್ತು 3.2 ಮಿಲಿಮೀಟರ್ ಕಣ್ಣಳತೆಗೆ ಒಂದೇ ಥರ ಕಾಣುತ್ತವೆ.

ಕೂರಿಸುವ ಜಾಗದ ಬಗ್ಗೆ ಮಾರುವವರು ಟ್ರಾನ್ಸ್‌ಫರ್ ಕೇಸಿನ ತುದಿಯನ್ನೇ ಹೇಳುತ್ತಾರೆ. ರಸ್ತೆ ಗಾಡಿಗೆ ಸರಿ. ಹೊಳೆ, ಕೆಸರು ದಾಟುವ ಗಾಡಿಯಲ್ಲಿ ಸೀಲ್ ಇಲ್ಲದ ಬಾಕ್ಸಿಗೆ ಅದು ಕೆಟ್ಟ ಜಾಗ. ಒಳಗೆ ಹೋದ ನೀರು ಗ್ರೀಸನ್ನು ಬಿಳಿ ಪೇಸ್ಟ್ ಮಾಡುತ್ತದೆ, ಆಮೇಲೆ ಬಾಕ್ಸ್ ಬಿಗಿದುಕೊಂಡು ಕೇಬಲ್ಲನ್ನು ಮುರಿಯುತ್ತದೆ. ಡ್ಯಾಶ್‌ಬೋರ್ಡಿನ ಹಿಂದೆ ಜಾಗವಿದ್ದರೆ ಅಲ್ಲಿಗೇ ತನ್ನಿ. ಎಲ್ಲಿ ಹಾಕಿದರೂ ಬಾಕ್ಸಿನ ಉದ್ದದಷ್ಟು ಕೇಬಲ್ ಹೆಚ್ಚಾಗುತ್ತದೆ, ಅದು ಸುಮಾರು 150 ಮಿಲಿಮೀಟರಿಗಿಂತ ಕಡಿಮೆ ತ್ರಿಜ್ಯದಲ್ಲಿ ಬಾಗಬಾರದು. ನಟ್ಟನ್ನು ಕೈಯಲ್ಲಿ ಬಿಗಿದು, ಕೊನೆಗೆ ಸ್ವಲ್ಪವೇ ಒತ್ತಿ. ಇಕ್ಕಳ ಹಾಕಿ ತಿರುಚಿದರೆ ಸೀಳುವುದು ಖಂಡಿತ.

ಬಾಕ್ಸ್ ಕೂತ ಮೇಲೆ ಒಳತಂತಿ ಒಂದೆರಡು ಮಿಲಿಮೀಟರ್ ಹಿಂದೆ ಮುಂದೆ ಆಡಬೇಕು. ಆಡದಿದ್ದರೆ ತಂತಿ ಉದ್ದವಾಯಿತು, ಅದು ಮೀಟರಿನ ಕಡ್ಡಿಯನ್ನು ಒತ್ತಿ ಬುಷ್ ತಿನ್ನುತ್ತದೆ, ಮುಳ್ಳು ನಡುಗುತ್ತದೆ. ಗ್ರೀಸ್ ಹಚ್ಚುವಾಗ ತಂತಿಯ ಕೆಳಗಿನ ಮೂರನೇ ಎರಡು ಭಾಗಕ್ಕೆ ಮಾತ್ರ, ತೆಳ್ಳಗೆ. ತಂತಿಯ ಸುರುಳಿ ತಿರುಗುತ್ತಾ ಗ್ರೀಸನ್ನು ಮೇಲಕ್ಕೆತ್ತುತ್ತದೆ. ಅದು ಮೀಟರ್ ತಲುಪಿ ಆಯಸ್ಕಾಂತಕ್ಕೂ ಬಟ್ಟಲಿಗೂ ನಡುವೆ ಅಂಟಿದರೆ ಮುಳ್ಳು ಒಮ್ಮೆಲೇ ಮೇಲಕ್ಕೆ ಹಾರಿ ಅಲ್ಲೇ ನಿಲ್ಲುತ್ತದೆ. ಇದನ್ನೂ ಬಾಕ್ಸಿನ ತಲೆಗೇ ಕಟ್ಟುತ್ತಾರೆ.

ಗಾಡಿ ಓಡಿಸದೆ ಮೀಟರ್ ಪರೀಕ್ಷಿಸಬೇಕೆಂದರೆ ವೇಗ ಅಳೆಯಬಹುದಾದ ಡ್ರಿಲ್ ಸಾಕು. ಗಾಡಿ ಮುಂದಕ್ಕೆ ಹೋಗುವಾಗ ಕೇಬಲ್ ಸುತ್ತುವ ದಿಕ್ಕಿನಲ್ಲೇ ನಿಮಿಷಕ್ಕೆ 637 ಸುತ್ತಿಸಿದರೆ 637ರ ಮೀಟರ್ 60 ಕಿಲೋಮೀಟರ್ ತೋರಿಸಬೇಕು. ಮೈಲಿಗೆ 1000ದ ಮೀಟರ್ ನಿಮಿಷಕ್ಕೆ 1000 ಸುತ್ತಿನಲ್ಲಿ 60 ಮೈಲಿ.

ಕೇಬಲ್ ಬದಲು ಸೆನ್ಸರ್ ಇರುವ ಗಾಡಿಗೆ ಈ ಬಾಕ್ಸ್ ಅಲ್ಲ, ಸೆನ್ಸರ್ ಕಳಿಸುವ ಪಲ್ಸ್ (ವಿದ್ಯುತ್ ಮಿಡಿತ) ತಿದ್ದುವ ಎಲೆಕ್ಟ್ರಾನಿಕ್ ಡಬ್ಬಿ ಬೇಕು. ನಾಲ್ಕೇ ವೈರು: ಕರೆಂಟು, ಅರ್ತ್, ಒಳಗೆ, ಹೊರಗೆ. ಅದೇ ಸಂಕೇತವನ್ನು ಇಂಜಿನ್ ಕಂಪ್ಯೂಟರೂ ಓದುತ್ತಿದ್ದರೆ ಡಬ್ಬಿ ಎರಡಕ್ಕೂ ಮೊದಲು ಬರಬೇಕು, ಇಲ್ಲವಾದರೆ ಮೀಟರ್ ಒಂದು ವೇಗ ಹೇಳುತ್ತದೆ, ಕಂಪ್ಯೂಟರ್ ಇನ್ನೊಂದು. ಜಿಪಿಎಸ್ ಮೀಟರ್ ಅಂಟಿಸಿಕೊಳ್ಳುವವರಿಗೆ ವೇಗವೇನೋ ಸರಿಯಾಗಿ ಸಿಗುತ್ತದೆ, ಸುರಂಗದಲ್ಲಿ ಸಿಗುವುದಿಲ್ಲ. ಡ್ಯಾಶ್‌ಬೋರ್ಡಿನ ಓಡೋಮೀಟರ್ ಮಾತ್ರ ಹಳೇ ಸುಳ್ಳನ್ನೇ ಎಣಿಸುತ್ತಿರುತ್ತದೆ.