ಗ್ರೂಪ್ ಪಾಲಿಸಿ: ಒಂದೇ ದೊಡ್ಡದೋ, ಹಲವು ಚಿಕ್ಕವೋ?

ಹುಬ್ಬಳ್ಳಿಯ ಮುಖ್ಯ ಕಚೇರಿ, ಗದಗ ಮತ್ತು ಹಾವೇರಿಯ ಶಾಖೆಗಳು ಒಂದೇ ಡೊಮೈನ್‌ನಲ್ಲಿರುವ (ಎಲ್ಲರ ಖಾತೆಗಳನ್ನೂ ಕಂಪ್ಯೂಟರುಗಳನ್ನೂ ಒಂದೇ ಕಡೆ ನಿರ್ವಹಿಸುವ ಗುಂಪು) ವಿಂಡೋಸ್ ಜಾಲವನ್ನು ನಾನು ನೋಡಿಕೊಳ್ಳುತ್ತೇನೆ. ಆ ಕಂಪ್ಯೂಟರುಗಳಿಗೂ ಬಳಕೆದಾರರಿಗೂ ಸೆಟ್ಟಿಂಗ್‌ಗಳನ್ನು ಒಂದೇ ಕಡೆಯಿಂದ ಹಾಕುವ ವ್ಯವಸ್ಥೆ ಗ್ರೂಪ್ ಪಾಲಿಸಿ; ಅಂಥ ಸೆಟ್ಟಿಂಗ್‌ಗಳ ಒಂದು ಕಟ್ಟೇ ಜಿಪಿಒ (ಗ್ರೂಪ್ ಪಾಲಿಸಿ ಆಬ್ಜೆಕ್ಟ್). ಎಲ್ಲಕ್ಕೂ ಒಂದೇ ಜಿಪಿಒ ಇಡಬಹುದು, ಇಲ್ಲವೇ ಉದ್ದೇಶಕ್ಕೊಂದು ಮಾಡಬಹುದು. ಎರಡೂ ಪದ್ಧತಿಗಳನ್ನು ಇಲ್ಲಿ ನಡೆಸಿ ನೋಡಿದ್ದೇನೆ.

ಎಲ್ಲ ಸೆಟ್ಟಿಂಗ್‌ಗಳನ್ನೂ ಒಂದೇ ಜಿಪಿಒದಲ್ಲಿ ತುಂಬಿದರೆ ಲಾಗಿನ್ ಬೇಗ ಆಗುತ್ತದೆ ಎನ್ನುತ್ತಾರೆ. ನಮ್ಮಂಥ ಸಣ್ಣ ಜಾಲದಲ್ಲಿ ಆ ವ್ಯತ್ಯಾಸ ನನ್ನ ಕಣ್ಣಿಗೆ ಬೀಳಲಿಲ್ಲ. ಕಷ್ಟ ಶುರುವಾಗುವುದು ವಿನಾಯಿತಿ ಕೊಡುವಾಗ. ಲೆಕ್ಕಪತ್ರ ವಿಭಾಗದ ಒಂದು ಕಂಪ್ಯೂಟರಿಗೆ ಪೆನ್‌ಡ್ರೈವ್ ಬಿಡಬೇಕೆಂದು ಆ ಕಂಪ್ಯೂಟರನ್ನು ಜಿಪಿಒದಿಂದ ಹೊರಗಿಟ್ಟರೆ ಫೈರ್‌ವಾಲ್, ಅಪ್‌ಡೇಟ್ ನಿಯಮಗಳೂ ಜೊತೆಗೇ ಕಳಚಿಕೊಳ್ಳುತ್ತವೆ. ಯಾವ ಸೆಟ್ಟಿಂಗ್ ಯಾವ ಜಿಪಿಒದಿಂದ ಬಂತೆಂದು ತೋರಿಸುವ ಜಿಪಿರಿಸಲ್ಟ್ ವರದಿ ತೆಗೆದರೂ ಪ್ರತಿ ಸೆಟ್ಟಿಂಗ್ ಎದುರು ಅದೇ ಒಂದು ಹೆಸರು.

ಉದ್ದೇಶಕ್ಕೊಂದರಂತೆ ಬಿಡಿಸಿಟ್ಟಾಗ ‘ಕಂಪ್ಯೂಟರ್-ಯುಎಸ್‌ಬಿ ತಡೆ’, ‘ಬಳಕೆದಾರ-ಪ್ರಿಂಟರ್’ ಎಂಬ ಹೆಸರುಗಳೇ ಅರ್ಧ ಕೆಲಸ ಮುಗಿಸುತ್ತವೆ. ಡೊಮೈನ್ ಜೊತೆಗೇ ಬರುವ ಡೀಫಾಲ್ಟ್ ಡೊಮೈನ್ ಪಾಲಿಸಿಯಲ್ಲಿ ಪಾಸ್‌ವರ್ಡ್, ಖಾತೆ ಲಾಕ್, ಕರ್ಬರೋಸ್ (ಲಾಗಿನ್ ದೃಢೀಕರಣ) ನಿಯಮಗಳನ್ನು ಬಿಟ್ಟು ಬೇರೇನನ್ನೂ ಇಡುವುದಿಲ್ಲ. ನನ್ನ ಮತ ಈ ಪದ್ಧತಿಗೇ.

ಯಾರಿಗೆ ಅನ್ವಯಿಸಬೇಕು ಎನ್ನುವಲ್ಲಿ ಮತ್ತೊಂದು ಆಯ್ಕೆಯಿದೆ: ಒಯು (ಡೊಮೈನ್‌ನೊಳಗೆ ಖಾತೆ, ಕಂಪ್ಯೂಟರುಗಳನ್ನು ವಿಂಗಡಿಸಿಡುವ ವಿಭಾಗ) ನೋಡಿ ಜೋಡಿಸುವುದೋ, ಯಾವ ಗುಂಪಿಗೆ ಅನ್ವಯಿಸಬೇಕೆಂದು ಹೇಳುವ ಸೆಕ್ಯುರಿಟಿ ಫಿಲ್ಟರ್ ಹಾಕುವುದೋ? ನಾನು ಮೊದಲು ಒಯು ನೋಡುತ್ತೇನೆ, ಏಕೆಂದರೆ ಮರದ ರಚನೆ ತೆರೆದೊಡನೆ ಯಾವುದು ಎಲ್ಲಿದೆಯೆಂದು ಕಾಣುತ್ತದೆ. ಫಿಲ್ಟರ್ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಮೇಲಾಗಿ 2016ರ ಜೂನ್‌ನ ವಿಂಡೋಸ್ ಅಪ್‌ಡೇಟ್ ನಂತರ ಬಳಕೆದಾರರ ಪಾಲಿಸಿಯನ್ನೂ ಕಂಪ್ಯೂಟರಿನ ಖಾತೆಯೇ ಓದುತ್ತದೆ. ಆದ್ದರಿಂದ ಫಿಲ್ಟರಿನಿಂದ ‘ಅಥೆಂಟಿಕೇಟೆಡ್ ಯೂಸರ್ಸ್’ (ಕಂಪ್ಯೂಟರ್ ಖಾತೆಗಳೂ ಸೇರಿದ ಗುಂಪು) ತೆಗೆದು ಬಳಕೆದಾರರ ಗುಂಪನ್ನಷ್ಟೇ ಸೇರಿಸಿದರೆ ಪಾಲಿಸಿ ಸದ್ದಿಲ್ಲದೆ ನಿಂತುಹೋಗುತ್ತದೆ. ಜಿಪಿಒದ ಡೆಲಿಗೇಶನ್ (ಹಕ್ಕು ಹಂಚಿಕೆ) ಪುಟದಲ್ಲಿ ‘ಡೊಮೈನ್ ಕಂಪ್ಯೂಟರ್ಸ್’ ಗುಂಪಿಗೆ ಓದುವ ಹಕ್ಕು ಕೊಡಲೇಬೇಕು.

ಪ್ರಿಂಟರ್ ವಿಷಯದಲ್ಲಿ ಮಾತ್ರ ಇವೆರಡಕ್ಕಿಂತ ಜಿಪಿಒದೊಳಗಿನ ಪ್ರಿಫರೆನ್ಸಸ್‌ನ ಐಟಂ-ಲೆವೆಲ್ ಟಾರ್ಗೆಟಿಂಗ್ (ಷರತ್ತು ಹೊಂದಿದರಷ್ಟೇ ಆ ಒಂದು ಸೆಟ್ಟಿಂಗ್ ಹಾಕುವ ವಿಧಾನ) ಮೇಲು. ಗದಗ ಶಾಖೆಯ ಐಪಿ (ಜಾಲದ ವಿಳಾಸ) ವ್ಯಾಪ್ತಿಯನ್ನು ಅಲ್ಲಿ ಬರೆದಿಟ್ಟಿದ್ದೇನೆ. ಹುಬ್ಬಳ್ಳಿಯ ಅಧಿಕಾರಿ ಲ್ಯಾಪ್‌ಟಾಪ್ ಹಿಡಿದು ಗದಗಕ್ಕೆ ಹೋಗಿ ಲಾಗಿನ್ ಆದರೆ ಅಲ್ಲಿನ ಪ್ರಿಂಟರ್ ತಾನಾಗಿ ಬರುತ್ತದೆ. ಅನ್ವಯಿಸದಿದ್ದಾಗ ತೆಗೆದುಹಾಕುವ ಆಯ್ಕೆಗೂ ಗುರುತು ಹಾಕಿ. ಇಲ್ಲವಾದರೆ ಮರಳಿ ಬಂದ ಮೇಲೂ ಗದಗದ ಪ್ರಿಂಟರ್ ಪಟ್ಟಿಯಲ್ಲೇ ಉಳಿಯುತ್ತದೆ.

ಒಂದೇ ದೊಡ್ಡ ಜಿಪಿಒ ಒಪ್ಪುವ ಜಾಗವೂ ಇದೆ: ಧಾರವಾಡದ ಕಾಲೇಜುಗಳಲ್ಲಿರುವಂಥ ಕಂಪ್ಯೂಟರ್ ಲ್ಯಾಬ್. ಅಲ್ಲಿ ಎಲ್ಲ ಯಂತ್ರಗಳೂ ಒಂದೇ ಥರ, ವಿನಾಯಿತಿ ಕೇಳುವವರಿಲ್ಲ. ಲೂಪ್‌ಬ್ಯಾಕನ್ನು (ಬಳಕೆದಾರರ ನಿಯಮಗಳನ್ನೂ ಕಂಪ್ಯೂಟರಿನ ಒಯು ನೋಡಿ ಹಾಕುವ ಸೆಟ್ಟಿಂಗ್) ‘ರಿಪ್ಲೇಸ್’ಗೆ ಇಟ್ಟರೆ ಯಾರು ಲಾಗಿನ್ ಆದರೂ ಲ್ಯಾಬಿನ ನಿಯಮವೇ ನಡೆಯುತ್ತದೆ.